ಹತ್ತು ಕೋಟಿ ವೀ, ದೂರ ನಿಂತ ಗೇಮ್ ಕಂಪನಿಗಳು

2006ರ ನವೆಂಬರ್‌ನಲ್ಲಿ ಎರಡು ದಿನಗಳ ಅಂತರದಲ್ಲಿ ಅಮೆರಿಕದ ಅಂಗಡಿಗಳಿಗೆ ಎರಡು ಗೇಮ್ ಕನ್ಸೋಲ್‌ಗಳು ಬಂದವು. ಸೋನಿಯ ಪ್ಲೇಸ್ಟೇಷನ್ 3ಕ್ಕೆ ಕನಿಷ್ಠ 500 ಡಾಲರ್. ನಿಂಟೆಂಡೊದ ವೀಗೆ ಅದರ ಅರ್ಧ. ವೀ ಡಬ್ಬಿಯಲ್ಲೇ ‘ವೀ ಸ್ಪೋರ್ಟ್ಸ್’ ಇತ್ತು. ರಿಮೋಟ್ ಬೀಸಿದರೆ ಟೆನಿಸ್, ತೋಳು ತೂಗಿದರೆ ಬೌಲಿಂಗ್. ಗೇಮ್ ಮುಟ್ಟಿಯೇ ಇರದ ಅಜ್ಜ ಅಜ್ಜಿಯರು ವೃದ್ಧಾಶ್ರಮಗಳಲ್ಲಿ ಪಂದ್ಯ ಏರ್ಪಡಿಸಿ ಆಡತೊಡಗಿದರು.

ಇದು ಆಕಸ್ಮಿಕವಲ್ಲ. ನಿಂಟೆಂಡೊದ ಹಿಂದಿನ ಕನ್ಸೋಲ್ ಗೇಮ್‌ಕ್ಯೂಬ್ 2.17 ಕೋಟಿ ಮಾರಾಟಕ್ಕೆ ನಿಂತಿತ್ತು. 2002ರಲ್ಲಿ ಅಧ್ಯಕ್ಷರಾದ ಸತೋರು ಇವಾಟ, ಗ್ರಾಫಿಕ್ಸ್ ಪೈಪೋಟಿ ಬಿಟ್ಟು ಆಟವಾಡದವರನ್ನು ಕರೆತರುವ ಹಾದಿ ಹಿಡಿದರು. ಕೊನೆಗೆ ವೀ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು.

ಇಷ್ಟು ಜನ ಸೇರಿದ ಜಾತ್ರೆಗೆ ಹೊರಗಿನ ಗೇಮ್ ಕಂಪನಿಗಳು, ಅಂದರೆ ‘ಥರ್ಡ್ ಪಾರ್ಟಿ’ಗಳು, ತಮ್ಮ ಒಳ್ಳೆಯ ಸರಕನ್ನು ಬಹುಮಟ್ಟಿಗೆ ತರಲಿಲ್ಲ. ವೀ ಗಿರಾಕಿಗಳು ‘ಕ್ಯಾಶುವಲ್’, ಗಂಭೀರ ಆಟ ಬೇಕಾದ ‘ಹಾರ್ಡ್‌ಕೋರ್’ ಮಂದಿ ಬೇರೆ ಕಡೆ ಇದ್ದಾರೆ ಎಂಬುದು ಆಗ ಚಾಲ್ತಿಗೆ ಬಂದ ವಿವರಣೆ.

ಅಸಲಿ ತೊಡಕು ಯಂತ್ರದೊಳಗಿತ್ತು. ವೀ ಬಹುಮಟ್ಟಿಗೆ ಚುರುಕುಗೊಳಿಸಿದ ಗೇಮ್‌ಕ್ಯೂಬ್. ಎಚ್‌ಡಿ ಚಿತ್ರ ಅದರಿಂದಾಗದು. ಪೈಪೋಟಿಯ ಎಕ್ಸ್‌ಬಾಕ್ಸ್ 360 ಕನ್ಸೋಲ್‌ಗೆ ಮಾಡಿದ ಗೇಮನ್ನು ಪ್ಲೇಸ್ಟೇಷನ್ 3ಕ್ಕೂ ಹೊಂದಿಸಿ ಖರ್ಚು ಹಂಚಿಕೊಳ್ಳಬಹುದಿತ್ತು. ವೀಗಾದರೆ ಬಹುಪಾಲು ಹೊಸದಾಗಿ ಕಟ್ಟಬೇಕು. ಹಾಗಾಗಿ ದೊಡ್ಡ ತಂಡಗಳು ಅತ್ತ ಹೋದವು, ವೀ ಪಾಲಿಗೆ ಅಗ್ಗದ ಪುಟ್ಟ ಆಟಗಳ ಕಟ್ಟು ಬಂತು.

ಹಳೆಯ ಮುನಿಸೂ ಇತ್ತು. 1980ರ ದಶಕದಲ್ಲಿ ಅಮೆರಿಕದಲ್ಲಿ ನಿಂಟೆಂಡೊ, ಒಂದು ಕಂಪನಿ ವರ್ಷಕ್ಕೆ ಐದೇ ಗೇಮ್ ತರಬೇಕೆಂದು ಕಟ್ಟು ಹಾಕಿತ್ತು. ಮುಂದೆ ಅದು ಸಿ.ಡಿ. ಬಿಟ್ಟು ಕಾರ್ಟ್ರಿಜ್‌ಗೇ ಅಂಟಿಕೊಂಡಾಗ ಸ್ಕ್ವೇರ್ ಕಂಪನಿ ‘ಫೈನಲ್ ಫ್ಯಾಂಟಸಿ 7’ ಅನ್ನು ಪ್ಲೇಸ್ಟೇಷನ್‌ಗೆ ಒಯ್ದಿತು. ನಿಂಟೆಂಡೊ ಯಂತ್ರದಲ್ಲಿ ಮಾರಾಟವಾಗುವುದು ನಿಂಟೆಂಡೊ ಗೇಮ್ ಮಾತ್ರ ಎಂಬ ಅಳುಕು ಅಷ್ಟರಲ್ಲಿ ಬಲಿತಿತ್ತು.

2009ರಲ್ಲಿ ಆ ಅಳುಕಿಗೆ ಪುರಾವೆಯೂ ಸಿಕ್ಕಂತಾಯಿತು. ವೀಗೆ ಬಂದ ಹೊರಗಿನವರ ರಕ್ತಸಿಕ್ತ ಗೇಮ್ ‘ಮ್ಯಾಡ್‌ವರ್ಲ್ಡ್’ ಸೋತಿತು, ‘ಡೆಡ್ ಸ್ಪೇಸ್: ಎಕ್ಸ್‌ಟ್ರಾಕ್ಷನ್’ ಕೂಡ. ಆದರೆ ಬೇರೆ ಕನ್ಸೋಲ್‌ಗಳ ‘ಡೆಡ್ ಸ್ಪೇಸ್’ನಲ್ಲಿ ಆಟಗಾರ ಬೇಕೆಂದತ್ತ ನಡೆಯಬಹುದಿತ್ತು, ವೀಯದ್ದರಲ್ಲಿ ಹಾದಿ ಮೊದಲೇ ನಿಗದಿ, ಗುರಿಯಿಟ್ಟು ಸುಡುವುದಷ್ಟೇ ಕೆಲಸ. ಎರಡು ವರ್ಷ ಮೊದಲು ಪೂರ್ಣ ರೂಪದಲ್ಲಿ ಬಂದ ‘ರೆಸಿಡೆಂಟ್ ಈವಿಲ್ 4’ ಅದೇ ವೀಯಲ್ಲಿ ಹತ್ತು ಲಕ್ಷ ದಾಟಿತ್ತು. ಇತ್ತ ಯೂಬಿಸಾಫ್ಟ್‌ನ ‘ಜಸ್ಟ್ ಡ್ಯಾನ್ಸ್’ ರಿಮೋಟನ್ನೇ ನಂಬಿ ಲಕ್ಷಗಟ್ಟಲೆ ಮಾರಾಟವಾಯಿತು. ಅರೆಮನಸ್ಸಿನ ಸರಕನ್ನು ಗಿರಾಕಿ ಬಿಟ್ಟುಹೋದದ್ದನ್ನು ಕಂಪನಿಗಳು ಗಿರಾಕಿಯ ಗುಣವೆಂದು ಓದಿಕೊಂಡವು.

ಹಾಗೆಂದು ನಿಂಟೆಂಡೊದ ಲೆಕ್ಕವೂ ಪೂರ್ತಿ ಸರಿಯಿರಲಿಲ್ಲ. ವೀಯ ಉತ್ತರಾಧಿಕಾರಿ, 2012ರ ವೀ ಯು ಹೊತ್ತಿಗೆ ಬಿಡುವಿನ ಆಟ ಮೊಬೈಲಿಗೆ ಸರಿದಿತ್ತು. 2011ರಲ್ಲಿ ನಿಂಟೆಂಡೊದ ವೇದಿಕೆಯೇರಿ ಅಭೂತಪೂರ್ವ ಸಹಯೋಗ ಎಂದಿದ್ದ ಗೇಮ್ ಕಂಪನಿ ಇಎ, 2013ರಲ್ಲೇ ಕೈಯಲ್ಲಿ ಒಂದೂ ವೀ ಯು ಗೇಮ್ ಇಲ್ಲ ಎಂದಿತು. ವೀ ಯು ಮಾರಾಟ 1.36 ಕೋಟಿಗೆ ನಿಂತಿತು.

ನಿಂಟೆಂಡೊದ ಮುಂದಿನ ಕನ್ಸೋಲ್, 2017ರ ಸ್ವಿಚ್ ಕೂಡ ಶಕ್ತಿಯಲ್ಲಿ ಹಿಂದೆಯೇ. ಆದರೆ ಅದರ ಎನ್‌ವಿಡಿಯಾ ಚಿಪ್ ಮೇಲೆ ಅನ್‌ರಿಯಲ್, ಯೂನಿಟಿಯಂಥ ಜನಪ್ರಿಯ ಗೇಮ್ ಎಂಜಿನ್‌ಗಳು ಓಡುತ್ತಿದ್ದವು. ಹೊರಗಿನ ಕಂಪನಿಗಳ ದೊಡ್ಡ ಗೇಮ್‌ಗಳಾದ ‘ಸ್ಕೈರಿಮ್’ ಬಂತು, ‘ವಿಚರ್ 3’ ಬಂತು. ಬಿಡುವಿನ ಆಟ ‘ಅನಿಮಲ್ ಕ್ರಾಸಿಂಗ್’ನಲ್ಲಿ ತೋಟ ಮಾಡುವವರ ಕೈಗೂ ಅವು ಸಿಕ್ಕವು. ಯಾರು ಕ್ಯಾಶುವಲ್, ಯಾರು ಹಾರ್ಡ್‌ಕೋರ್ ಎಂಬ ವಾದ ಮುಗಿಯದಿದ್ದರೂ, ಹೊಸ ಯಂತ್ರಕ್ಕೆ ಗೇಮ್ ಹೊಂದಿಸುವ ಖರ್ಚು ಇಳಿದ ಕೂಡಲೇ ಕಂಪನಿಗಳ ತಕರಾರು ಮಾತ್ರ ಬಹುಮಟ್ಟಿಗೆ ಮುಗಿಯಿತು.