ಕತ್ತಲೆ ಹೊಳೆಯ ಕುರುಡು ಮೀನು

ಗೆಳೆಯರೇ, ಕಣ್ಣೇ ಇಲ್ಲದ ಮೀನು ಇರ್ತದೆ ಅಂದರೆ ನೀವು ನಂಬುತ್ತೀರಾ? ನಮ್ಮ ಕೆರೆಯಲ್ಲಿ, ಬೇಡ್ತಿ ಹೊಳೆಯಲ್ಲಿ ಸಿಗುವ ಮೀನುಗಳಿಗೆಲ್ಲ ಎರಡು ಕಣ್ಣು ಇದ್ದೇ ಇವೆ. ಆದರೆ ನೆಲದ ಅಡಿಗೆ, ಗವಿಯೊಳಗೆ ಹರಿಯುವ ನೀರಿನಲ್ಲಿ ಕುರುಡು ಮೀನುಗಳಿವೆ. ಅವು ಎಷ್ಟಿವೆ, ಏನು ತಿಂತವೆ ಅಂತ ವಿಜ್ಞಾನಿಗಳು ಗವಿಗೆ ಇಳಿದು ಲೆಕ್ಕ ಮಾಡ್ತಾರೆ. ಆ ಲೆಕ್ಕದ ವಿಷಯ ಈ ಸಲ ತಿಳಿಯೋಣ.

ಗವಿ ಆಗುವುದು ಹೇಗೆ?

ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸೇರಿಸಿಕೊಂಡು ಸ್ವಲ್ಪ ಆಮ್ಲವಾಗುತ್ತದೆ. ಅದು ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿದು ಕಲ್ಲನ್ನೇ ನಿಧಾನವಾಗಿ ಕರಗಿಸುತ್ತದೆ. ಸಾವಿರಾರು, ಲಕ್ಷಾಂತರ ವರ್ಷ ಹೀಗೇ ನಡೆದರೆ ಅಲ್ಲಿ ಗವಿ ಆಗುತ್ತದೆ. ನಮ್ಮ ಜಿಲ್ಲೆಯ ಯಾಣದ ಕಪ್ಪು ಬಂಡೆಗಳೂ ಸುಣ್ಣಕಲ್ಲೇ. ದಾಂಡೇಲಿ ಕಾಡಿನ ಕವಳಾ ಗವಿಯಲ್ಲಿ ಶಿವಲಿಂಗ ಅಂತ ಪೂಜೆ ಮಾಡುವ ಕಲ್ಲು, ಸುಣ್ಣದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಬೆಳೆದದ್ದು.

ಕಣ್ಣು ಯಾಕೆ ಹೋಯಿತು?

ಕಣ್ಣನ್ನು ಬೆಳೆಸಲು, ಇಟ್ಟುಕೊಳ್ಳಲು ದೇಹಕ್ಕೆ ಬಹಳ ಶಕ್ತಿ ಬೇಕು. ಪೂರ್ತಿ ಕತ್ತಲೆಯಲ್ಲಿ ಕಣ್ಣಿದ್ದೂ ಪ್ರಯೋಜನ ಇಲ್ಲ. ಆದ್ದರಿಂದ ಸಣ್ಣ ಕಣ್ಣಿನೊಂದಿಗೆ ಹುಟ್ಟಿದ ಮೀನಿಗೆ ಅಲ್ಲಿ ನಷ್ಟವಿಲ್ಲ. ಆ ಶಕ್ತಿಯೂ ಉಳಿತದೆ. ತಲೆಮಾರಿನಿಂದ ತಲೆಮಾರಿಗೆ ಕಣ್ಣು ಕುಗ್ಗುತ್ತ ಹೋಗುತ್ತದೆ. ಛತ್ತೀಸಗಢದ ಬಸ್ತರಿನಲ್ಲಿ ಕೋಟುಮ್ಸರ್ ಅಂತ ಒಂದು ಗವಿ ಇದೆ. ಅಲ್ಲಿನ ಸಣ್ಣ ಮೀಸೆ ಮೀನುಗಳಲ್ಲಿ ಕೆಲವಕ್ಕೆ ಕಣ್ಣು ಚಿಕ್ಕದು, ಕೆಲವಕ್ಕೆ ಕಾಣಿಸುವುದೇ ಇಲ್ಲ. ಮೈಬಣ್ಣವೂ ಮಾಸಿದೆ. ಅಂದರೆ ಕಣ್ಣು ಹೋಗುವ ಕೆಲಸ ಅಲ್ಲಿ ಇನ್ನೂ ನಡೆಯುತ್ತಾ ಇದೆ! ಇಂಥ ಮೀನುಗಳು ಮೀಸೆಯಿಂದ ಮುಟ್ಟಿ, ವಾಸನೆ ಹಿಡಿದು, ನೀರಿನ ಅಲುಗಾಟ ತಿಳಿದು ಬದುಕುತ್ತವೆ.

ಊಟ ಎಲ್ಲಿಂದ?

ಬೆಳಕಿಲ್ಲದ ಕಡೆ ಹಸಿರು ಗಿಡ ಬೆಳೆಯುವುದಿಲ್ಲ. ಊಟವೆಲ್ಲ ಹೊರಗಿನಿಂದಲೇ ಬರಬೇಕು. ಮಳೆಗಾಲದ ನೀರು ಎಲೆ, ಕಡ್ಡಿ, ಹುಳ ತರುತ್ತದೆ. ಬಾವಲಿಗಳು ಹೊರಗೆ ತಿಂದು ಬಂದು ಒಳಗೆ ಹಿಕ್ಕೆ ಹಾಕುತ್ತವೆ. ಅದನ್ನು ಹುಳಗಳು ತಿಂತವೆ, ಹುಳಗಳನ್ನು ಮೀನು ತಿಂತದೆ. ಬಾವಲಿ ಓಡಿಹೋದರೆ ಮೀನಿಗೂ ಊಟ ಕಡಿಮೆ ಆಯಿತು ಅಂತ ಲೆಕ್ಕ. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಬಾರಾಪೆಡೆ ಗವಿ ಇದೆ. 1913ರಲ್ಲಿ ಒಂದು ಅಪರೂಪದ ಬಾವಲಿಗೆ ಹೆಸರಿಟ್ಟದ್ದು ಇಲ್ಲಿ ಸಿಕ್ಕಿದ ಬಾವಲಿಯಿಂದಲೇ. ಬಹಳ ವರ್ಷ ಜಗತ್ತಿನಲ್ಲಿ ಬೇರೆಲ್ಲೂ ಅದು ಇರುವುದು ಗೊತ್ತಿರಲಿಲ್ಲ. 2011ರಲ್ಲಿ ಭೀಮಗಡ ವನ್ಯಧಾಮ ಆದಾಗ ಆ ಗವಿಗೂ ರಕ್ಷಣೆ ಸಿಕ್ಕಿತು.

ದೊಡ್ಡ ಕುರುಡು ಮೀನು

ಮೇಘಾಲಯದ ಜೈಂತಿಯಾ ಬೆಟ್ಟದಲ್ಲಿ ಉಮ್ ಲದಾವ್ ಎಂಬ ಗವಿ ಇದೆ. ಅದರ ಆಳದ ಮಡುವಿನಲ್ಲಿ 40 ಸೆಂ.ಮೀ.ಗಿಂತ ಉದ್ದದ ಬಿಳಿಚಿದ ಕುರುಡು ಮೀನುಗಳಿವೆ ಎಂದು 2019ರಲ್ಲಿ ವರದಿ ಬಂತು. ಅಲ್ಲಿವರೆಗೆ ಗೊತ್ತಿದ್ದ ಗವಿ ಮೀನುಗಳಿಗಿಂತ ಇದೇ ದೊಡ್ಡದು. ಶೃಂಗೇರಿಯ ತುಂಗಾ ಹೊಳೆಯಲ್ಲಿ ಮಂಡಕ್ಕಿಗೆ ಮುಗಿಬೀಳುವ ದೇವರ ಮೀನುಗಳಿಗೆ ಇದು ದೂರದ ನೆಂಟ. 2023ರಲ್ಲಿ ಇದಕ್ಕೆ ಅಲ್ಲಿಯ ಪ್ನಾರ್ ಜನರ ಹೆಸರನ್ನೇ ಇಟ್ಟರು.

ಎಣಿಸುವ ಕ್ರಮ

1. ಮಳೆಗಾಲದಲ್ಲಿ ಹೋಗುವುದಿಲ್ಲ, ಗವಿಯ ಹೊಳೆ ಒಮ್ಮೆಲೇ ತುಂಬುತ್ತದೆ. ಒಬ್ಬರೇ ಹೋಗುವುದಿಲ್ಲ. ತಲೆಗೆ ಕಟ್ಟುವ ಬ್ಯಾಟರಿ ಅಲ್ಲದೆ ಬೇರೆ ಬ್ಯಾಟರಿಯೂ ಇರ್ತದೆ.
2. ನೀರು ಬರುವ ದಿಕ್ಕಿಗೇ ನಡೀತಾರೆ. ಆಗ ಕಾಲಿಗೆ ಎದ್ದ ರಾಡಿ ಹಿಂದೆ ಹೋಗಿ, ಮುಂದಿನ ನೀರು ತಿಳಿಯಾಗಿರ್ತದೆ.
3. ಪ್ರತಿ ಮಡುವಿನ ಮುಂದೆ ಅಲುಗದೆ ನಿಂತು ಎಣಿಸುತ್ತಾರೆ. ಕಲ್ಲು ಎತ್ತಿ ನೋಡಿದರೆ ಇದ್ದಲ್ಲೇ ಇಡ್ತಾರೆ.
4. ಮೀನು, ಸಿಗಡಿ, ಜೇಡ, ಉದ್ದ ಮೀಸೆಯ ಜೀರುಂಡೆ, ಬಾವಲಿ ಎಲ್ಲವನ್ನೂ ಬರೀತಾರೆ. ನೀರಿನ ಉಷ್ಣತೆಯನ್ನೂ ಅಳೀತಾರೆ.
5. ಬೆಂಕಿ, ಹೊಗೆ, ಗದ್ದಲ ಇಲ್ಲ.

ಮಾಡಿ ನೋಡಿ

ಎಲ್ಲ ಮೀನನ್ನೂ ಹಿಡಿಯದೆ ಒಟ್ಟು ಎಷ್ಟು ಅಂತ ಹೇಳಬಹುದೇ? ಒಂದು ಡಬ್ಬಿಯಲ್ಲಿ ಎಣಿಸದೆ ಹುಣಸೆ ಬೀಜ ಹಾಕಿ. 20 ಬೀಜ ತೆಗೆದು ಸುಣ್ಣ ಹಚ್ಚಿ ಮತ್ತೆ ಬೆರೆಸಿ. ಕಣ್ಣು ಮುಚ್ಚಿ 25 ಬೀಜ ತೆಗೆಯಿರಿ. ಅದರಲ್ಲಿ ಸುಣ್ಣದ್ದು 5 ಬಂದರೆ, 20 × 25 ÷ 5 = 100. ಡಬ್ಬಿಯಲ್ಲಿ ಸುಮಾರು 100 ಬೀಜ ಇವೆ. ಹೊಳೆ, ಕೆರೆಯ ಮೀನನ್ನು ಹೀಗೆ ಲೆಕ್ಕ ಹಾಕುತ್ತಾರೆ. ಆದರೆ ಬಹಳ ಕಡಿಮೆ ಇರುವ ಗವಿ ಮೀನನ್ನು ಹಿಡಿದು ಗುರುತು ಮಾಡುವುದಕ್ಕಿಂತ ಕಣ್ಣಿನಿಂದ ಎಣಿಸುವುದೇ ಒಳ್ಳೆಯದು.

ಬಾವಿಯಲ್ಲೂ ಕುರುಡು ಮೀನು!

ನಮ್ಮ ಕುಮಟಾ, ಹೊನ್ನಾವರ ಕಡೆ ಮನೆ ಕಟ್ಟುವ ಕೆಂಪು ಚಿರೇಕಲ್ಲು ಕೇರಳದಲ್ಲೂ ಇದೆ. ಆ ಕಲ್ಲಿನ ಸಂದಿನ ನೀರಿನಲ್ಲಿ 35 ಮಿ.ಮೀ. ಉದ್ದದ, ರಕ್ತದಂತೆ ಕೆಂಪಾದ ಕುರುಡು ಮೀನು ಇದೆ. 1950ರಲ್ಲಿ ಮೊದಲ ಜಾತಿಗೆ ಹೆಸರಿಟ್ಟರು. ಆದರೆ ನೆಲದ ಒಳಗೆ ಹೋಗಿ ಹುಡುಕುವವರು ಯಾರು? ವಿಜ್ಞಾನಿಗಳು ಊರ ಜನರನ್ನೇ ಕೇಳಿಕೊಂಡರು. ಬಾವಿಯಲ್ಲಿ, ಟಾಕಿಯಲ್ಲಿ ಕಂಡವರು ತಿಳಿಸಿದರು. ಆರು ವರ್ಷದಲ್ಲಿ 47 ಹೊಸ ಜಾಗ ಗೊತ್ತಾದವು. 2023ರಲ್ಲಿ ಹೆಸರಿಟ್ಟ ಹೊಸ ಜಾತಿಗೆ 'ಹೊರಾಗ್ಲಾನಿಸ್ ಪಾಪ್ಯುಲಿ' ಎಂದರು. ಪಾಪ್ಯುಲಿ ಅಂದರೆ 'ಜನರ' ಅಂತ ಅರ್ಥ.

ನಮಗೇನು?

ಮೇಘಾಲಯದಲ್ಲಿ ಮೀನಿನ ಮನೆಯಾದ ಸುಣ್ಣಕಲ್ಲನ್ನೇ ಸಿಮೆಂಟಿಗಾಗಿ ಅಗೆಯುತ್ತಾರೆ. ಕಲ್ಲಿದ್ದಲು ಗಣಿಯ ಆಮ್ಲದ ನೀರು ಹೊಳೆಗಳನ್ನು ಕೆಡಿಸಿತು. ಅಲ್ಲಿಯ ಇಲಿಬಿಲದಂಥ ಗಣಿಗಳನ್ನು 2014ರಲ್ಲಿ ಹಸಿರು ನ್ಯಾಯಮಂಡಳಿ ನಿಷೇಧಿಸಿತು. ಎಷ್ಟು ಜೀವ ಇದೆ ಅಂತ ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ, ಎಷ್ಟು ಹೋಯಿತು ಅಂತ ಹೇಳುವುದು ಹೇಗೆ? ಎಣಿಕೆ ಬೇಕಾಗುವುದು ಇದಕ್ಕೇ.

ನೆಲದ ಮೇಲೆ ಚೆಲ್ಲಿದ್ದು ನೆಲದ ಅಡಿಗೆ ಇಳಿಯುತ್ತದೆ. ಗದ್ದೆಗೆ ಔಷಧ ಹೊಡೆದ ಪಂಪನ್ನು ಬಾವಿಯ ಹತ್ತಿರ ತೊಳೆದರೆ ಆ ನೀರು ನಮ್ಮ ಕೊಡಕ್ಕೂ ಬರ್ತದೆ. ಆದ್ದರಿಂದ ಬಾವಿಕಟ್ಟೆ ಚೊಕ್ಕ ಇಡೋಣ. ಬೇಸಿಗೆಯಲ್ಲಿ ದೊಡ್ಡವರು ಬಾವಿಯ ಹೂಳು ತೆಗೆಯುವಾಗ ನೀವು ಮೇಲೇ ನಿಂತು ನೋಡಿ. ಮೀನು, ಸಿಗಡಿ, ಕಪ್ಪೆ ಏನೇ ಬಂದರೂ ದಿನಾಂಕ, ಜಾಗ, ಉದ್ದ, ಬಣ್ಣ ಬರೆದು ಗುರುಗಳಿಗೆ ತೋರಿಸಿ. ಜೀವ ಇದ್ದರೆ ಅದೇ ನೀರಿಗೆ ಬಿಡಿ.