ಬೇರೆ ಓಟ, ಕೂಡು ಓಟ: ಗೆರೆ ಎಳೆದವರು ಯಾರು?

ಮಹಿಳೆಯರಿಗಷ್ಟೇ ಮೀಸಲಾದ ಓಟವೊಂದು ನಡೆಯುತ್ತದೆಂದು ಗೊತ್ತಾದ ಕೂಡಲೇ ಎರಡು ಬಗೆಯ ಮಾತು ಕೇಳಿಬರುತ್ತವೆ. ‘ಎಲ್ಲದರಲ್ಲೂ ಸಮಾನತೆ ಕೇಳ್ತೀರಿ, ಓಟಕ್ಕೆ ಮಾತ್ರ ಬೇರೆ ಯಾಕೆ?’ ಅನ್ನುವುದು ಒಂದು. ‘ಗಂಡಸರ ಜೊತೆ ಓಡೋದು ಕಷ್ಟ, ಪಾಪ, ಅವರಿಗೂ ಒಂದು ಇರಲಿ ಬಿಡಿ’ ಅನ್ನುವುದು ಇನ್ನೊಂದು. ಒಂದರಲ್ಲಿ ಆಕ್ಷೇಪ, ಇನ್ನೊಂದರಲ್ಲಿ ಕನಿಕರ. ಎರಡೂ ನಿಂತಿರುವುದು ಮಾತ್ರ ಅರೆಬರೆ ತಿಳಿದ ಚರಿತ್ರೆಯ ಮೇಲೆ. ಹೆಂಗಸರು ಎಷ್ಟು ದೂರ ಓಡಬೇಕು, ಯಾರ ಜೊತೆ ಓಡಬೇಕು ಎಂಬುದನ್ನು ಬಹುಕಾಲ ಓಡದವರೇ ತೀರ್ಮಾನಿಸಿದರು. ಆ ತೀರ್ಮಾನಗಳ ಸುತ್ತ ಬೆಳೆದ ನಂಬಿಕೆಗಳು ಇನ್ನೂ ಉಳಿದುಕೊಂಡಿವೆ.

‘ದೂರದ ಓಟ ಹೆಣ್ಣಿನ ದೇಹಕ್ಕೆ ಒಗ್ಗದು ಎಂಬುದು ಅನುಭವದಿಂದ ಗೊತ್ತಾದ ವಿಷಯ’

ಈ ‘ಅನುಭವ’ ಹುಟ್ಟಿದ್ದು 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ, ಅದೂ ಟ್ರ್ಯಾಕಿನ ಮೇಲಲ್ಲ, ಪತ್ರಿಕೆಗಳ ಪುಟದಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 800 ಮೀಟರ್ ಓಟ ಇಟ್ಟಿದ್ದು ಅದೇ ಮೊದಲು. ಹನ್ನೊಂದು ಮಂದಿ ಹೊರಟರು, ಐವರು ಅರ್ಧಕ್ಕೇ ಬಿಟ್ಟರು, ಉಳಿದವರು ಕುಸಿದುಬಿದ್ದರು ಎಂದು ವರದಿಗಳು ಬಂದವು. ಫೈನಲ್‌ನಲ್ಲಿ ನಿಜವಾಗಿ ಓಡಿದ್ದು ಒಂಬತ್ತು ಮಂದಿ. ಒಂಬತ್ತೂ ಮಂದಿ ಗುರಿ ಮುಟ್ಟಿದರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ವಿಶ್ವದಾಖಲೆ ಬರೆದರು. ಇದ್ದ ಶಕ್ತಿಯನ್ನೆಲ್ಲ ಹಾಕಿ ಓಡಿದವರು ಓಟ ಮುಗಿದ ಮೇಲೆ ಹುಲ್ಲಿನ ಮೇಲೆ ಬಿದ್ದುಕೊಳ್ಳುವುದು ಗಂಡಸರ ಓಟದಲ್ಲಿಯೂ ದಿನನಿತ್ಯದ ನೋಟ. ಆದರೆ ಹೆಂಗಸರ ವಿಷಯದಲ್ಲಿ ಅದೇ ಸಾಕ್ಷಿಯಾಯಿತು. ಒಲಿಂಪಿಕ್ಸ್‌ಗೆ ಈ ಓಟ ಮರಳಿದ್ದು 1960ರ ರೋಮ್‌ನಲ್ಲಿ. ನಡುವೆ ಒಂದು ತಲೆಮಾರು ಕಳೆದುಹೋಗಿತ್ತು.

1928ಕ್ಕೂ ಐದು ವರ್ಷ ಮೊದಲೇ ಈ ನಂಬಿಕೆಗೆ ಉತ್ತರ ಸಿಕ್ಕಿತ್ತು. 1923ರಲ್ಲಿ ಸ್ವೀಡನ್ನಿನ ಮಾರ್ಗಿಟ್ ನೋರ್ಡಿನ್ 90 ಕಿಲೋಮೀಟರಿನ ವಾಸಾಲೊಪ್ಪೆಟ್ ಹಿಮಜಾರು ಸ್ಪರ್ಧೆಯನ್ನು ಹತ್ತು ಗಂಟೆ ಚಿಲ್ಲರೆಯಲ್ಲಿ ಪೂರೈಸಿದರು. ಮರುವರ್ಷವೇ ಆ ಸ್ಪರ್ಧೆಗೆ ಹೆಂಗಸರು ಬರಕೂಡದು ಎಂದು ನಿಷೇಧ ಬಂತು. ಬಾಗಿಲು ಮತ್ತೆ ತೆರೆದದ್ದು 1981ರಲ್ಲಿ. ಅದೇ 1923ರಲ್ಲಿ ದಕ್ಷಿಣ ಆಫ್ರಿಕಾದ ಫ್ರಾನ್ಸಿಸ್ ಹೇವರ್ಡ್ ಕಾಮ್ರೇಡ್ಸ್ ಓಟಕ್ಕೆ ಅರ್ಜಿ ಹಾಕಿದರು. ಅದೂ ಹೆಚ್ಚುಕಡಿಮೆ 90 ಕಿಲೋಮೀಟರೇ. ಅರ್ಜಿ ತಿರಸ್ಕೃತವಾಯಿತು. ಅವರು ಸುಮ್ಮನೆ ಬಂದು ಓಡಿ, 11 ಗಂಟೆ 35 ನಿಮಿಷದಲ್ಲಿ ಮುಗಿಸಿಯೂಬಿಟ್ಟರು. ಕಾಮ್ರೇಡ್ಸ್ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 1975ರಲ್ಲಿ. ಆಗುವುದಿಲ್ಲವೆಂದು ನಿಲ್ಲಿಸಿದ್ದಲ್ಲ ಇದು, ಆದದ್ದನ್ನು ಕಣ್ಣಾರೆ ಕಂಡ ಮೇಲೆ ನಿಲ್ಲಿಸಿದ್ದು.

‘ಬಾಸ್ಟನ್ ಮ್ಯಾರಥಾನ್ ಓಡಿದ ಮೊದಲ ಹೆಣ್ಣು ಕ್ಯಾಥರೀನ್ ಸ್ವಿಟ್ಜರ್’

261 ನಂಬರಿನ ಬಿಬ್ ತೊಟ್ಟ ಹುಡುಗಿಯನ್ನು ಅಧಿಕಾರಿಯೊಬ್ಬ ಓಟದ ನಡುವೆಯೇ ಹಿಡಿದೆಳೆಯುತ್ತಿರುವ 1967ರ ಚಿತ್ರ ಜಗತ್ತಿಗೆಲ್ಲ ಗೊತ್ತು. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1966ರಲ್ಲಿ, ಬಾಬಿ ಗಿಬ್ ಹೊರಡುವ ಜಾಗದ ಬಳಿಯ ಪೊದೆಯಲ್ಲಿ ಅಡಗಿದ್ದು, ಗಂಡಸರ ಗುಂಪಿನೊಳಗೆ ಸೇರಿಕೊಂಡು ಇಡೀ ಮ್ಯಾರಥಾನ್ ಓಡಿದ್ದರು. ತೆಗೆದುಕೊಂಡ ಸಮಯ 3 ಗಂಟೆ 21 ನಿಮಿಷ. ಹೆಂಗಸರ ದೇಹ ಅಷ್ಟು ದೂರ ಓಡಲು ಸಮರ್ಥವಲ್ಲ ಎಂದು ಅವರ ಅರ್ಜಿಗೆ ಆಯೋಜಕರು ಉತ್ತರ ಬರೆದಿದ್ದರು. 1967ರಲ್ಲಿಯೂ ಗಿಬ್ ಓಡಿದರು, ಸ್ವಿಟ್ಜರ್‌ಗಿಂತ ಸುಮಾರು ಒಂದು ಗಂಟೆ ಮೊದಲೇ ಮುಗಿಸಿದರು. ಸ್ವಿಟ್ಜರ್ ಅವರ ಹೆಚ್ಚುಗಾರಿಕೆ ಬೇರೆ: ನಂಬರು ಪಡೆದು ಓಡಿದ ಮೊದಲ ಹೆಣ್ಣು ಅವರು. ಅವರ ಸಾಹಸ ಇದರಿಂದ ಒಂದಿಷ್ಟೂ ಕುಂದುವುದಿಲ್ಲ. ಗಿಬ್ ಅವರ ಹೆಸರು ಮಾತ್ರ ಮರೆಯಾಗಬಾರದು.

‘ಬೇರೆ ಓಟ ಎಂದರೆ ಹಿಂದಕ್ಕೆ ಇಟ್ಟ ಹೆಜ್ಜೆ’

ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟ ನಂಬಿಕೆ ಇದು. ಇದನ್ನು ಅಲುಗಾಡಿಸಲು 1972 ಎಂಬ ಒಂದೇ ವರ್ಷ ಸಾಕು.

ಆ ವರ್ಷ ಏಪ್ರಿಲ್‌ನಲ್ಲಿ ಬಾಸ್ಟನ್ ಕೊನೆಗೂ ಮಹಿಳೆಯರಿಗೆ ಅಧಿಕೃತ ಪ್ರವೇಶ ಕೊಟ್ಟಿತು. ನೀನಾ ಕುಸ್ಸಿಕ್ ಗೆದ್ದರು. ಜೂನ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಮಹಿಳೆಯರಿಗಷ್ಟೇ ಎಂದು ಆರು ಮೈಲಿಯ ರಸ್ತೆ ಓಟ ನಡೆಯಿತು. 78 ಮಂದಿ ಓಡಿದರು. ಅದನ್ನು ಕಟ್ಟಿದವರಲ್ಲಿ ಇದೇ ಕುಸ್ಸಿಕ್, ಇದೇ ಸ್ವಿಟ್ಜರ್ ಇದ್ದರು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್. ಹೆಂಗಸರು ಓಡಬಹುದು, ಆದರೆ ಗಂಡಸರಿಗಿಂತ ಹತ್ತು ನಿಮಿಷ ಮೊದಲೇ ಬೇರೆಯಾಗಿ ಹೊರಡಬೇಕು ಎಂದು ಅಮೆರಿಕದ ಅಂದಿನ ಅಥ್ಲೆಟಿಕ್ ಒಕ್ಕೂಟ ನಿಯಮ ಮಾಡಿತು. ಹೊರಡುವ ಸಂಕೇತ ಕೊಟ್ಟಾಗ ಆರು ಮಹಿಳೆಯರು ಅಲ್ಲೇ ಗೆರೆಯ ಮೇಲೆ ಕುಳಿತುಬಿಟ್ಟರು. ಹತ್ತು ನಿಮಿಷ ಕಳೆದು ಗಂಡಸರಿಗೆ ಗುಂಡು ಹಾರಿದಾಗ ಎದ್ದು ಅವರ ಜೊತೆ ಓಡಿದರು. ಕುಳಿತಿದ್ದ ಹತ್ತು ನಿಮಿಷವನ್ನೂ ಅವರ ಓಟದ ಸಮಯಕ್ಕೆ ಸೇರಿಸಲಾಯಿತು. ಆದರೆ ಆ ನಿಯಮ ಹೆಚ್ಚು ದಿನ ಬಾಳಲಿಲ್ಲ. ಕುಳಿತವರಲ್ಲಿ ಕುಸ್ಸಿಕ್ ಕೂಡ ಇದ್ದರು, ಅಂದು ಗೆದ್ದವರೂ ಅವರೇ.

ಜೂನ್‌ನಲ್ಲಿ ಬೇರೆ ಓಟ ಕಟ್ಟಿದ ಹೆಣ್ಣು ಅಕ್ಟೋಬರ್‌ನಲ್ಲಿ ಬೇರೆ ನಿಲ್ಲಲು ಒಪ್ಪಲಿಲ್ಲ. ಇದರಲ್ಲಿ ನನಗೆ ಯಾವ ವಿರೋಧಾಭಾಸವೂ ಕಾಣುವುದಿಲ್ಲ. ಒಂದು ಗೆರೆಯನ್ನು ಅವರೇ ಎಳೆದುಕೊಂಡಿದ್ದರು, ಇನ್ನೊಂದನ್ನು ಅವರನ್ನು ಕೇಳದೆ ಎಳೆಯಲಾಗಿತ್ತು. ಬೇರೆ ಓಟ ಒಳ್ಳೆಯದೋ ಕೂಡು ಓಟ ಒಳ್ಳೆಯದೋ ಎಂಬ ಚರ್ಚೆಗೆ ಕೂರುವ ಮೊದಲು ಈ ವ್ಯತ್ಯಾಸ ತಿಳಿದಿರಬೇಕು.

ಮುಂದೆ ಬೇರೆ ಓಟಗಳೇ ಮುಚ್ಚಿದ ಬಾಗಿಲುಗಳನ್ನು ತೆರೆದವು. 1973ರಲ್ಲಿ ಜರ್ಮನಿಯ ವಾಲ್ಡ್‌ನೀಲ್ ಎಂಬ ಊರಿನಲ್ಲಿ ವೈದ್ಯ ಅರ್ನ್ಸ್ಟ್ ಫಾನ್ ಆಕೆನ್ ಮಹಿಳೆಯರಿಗಷ್ಟೇ ಮ್ಯಾರಥಾನ್ ನಡೆಸಿದರು. 1979ರಲ್ಲಿ ಟೋಕಿಯೊದಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟ ಮಾನ್ಯ ಮಾಡಿದ ಮೊದಲ ಮಹಿಳಾ ಮ್ಯಾರಥಾನ್ ನಡೆಯಿತು. ಗೆದ್ದ ಬ್ರಿಟನ್ನಿನ ಜಾಯ್ಸ್ ಸ್ಮಿತ್‌ಗೆ ಆಗ 42 ವರ್ಷ. 1980ರ ಆಗಸ್ಟ್‌ನಲ್ಲಿ ಸ್ವಿಟ್ಜರ್ ಮುಂದಾಳತ್ವದಲ್ಲಿ ಏವನ್ ಕಂಪನಿಯ ಮಹಿಳಾ ಮ್ಯಾರಥಾನ್ ಲಂಡನ್ನಿನ ಬೀದಿಗಳಲ್ಲಿ ನಡೆಯಿತು. ಹಲವು ದೇಶಗಳ ಹೆಂಗಸರು ಇಷ್ಟು ದೂರ ಓಡುತ್ತಾರೆ ಎಂಬುದನ್ನು ಕೂಡು ಓಟದ ಫಲಿತಾಂಶ ಪಟ್ಟಿ ಎಂದೂ ಹೀಗೆ ತೋರಿಸಿರಲಿಲ್ಲ. ಅಲ್ಲಿ ಅವರ ಹೆಸರು ಗಂಡಸರ ನಡುವೆ ಚದುರಿಹೋಗುತ್ತಿತ್ತು. ಮರುವರ್ಷವೇ ಒಲಿಂಪಿಕ್ ಸಮಿತಿ ಮಹಿಳಾ ಮ್ಯಾರಥಾನ್‌ಗೆ ಒಪ್ಪಿತು. 1984ರ ಲಾಸ್ ಏಂಜಲೀಸ್‌ನಲ್ಲಿ ಜೋನ್ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಆ ಮೊದಲ ಚಿನ್ನ ಗೆದ್ದರು.

2004ರಿಂದ ಬಾಸ್ಟನ್‌ನಲ್ಲಿ ಮುಂಚೂಣಿಯ ಓಟಗಾರ್ತಿಯರು ಗಂಡಸರಿಗಿಂತ ಮೊದಲೇ, ಬೇರೆಯಾಗಿಯೇ ಹೊರಡುತ್ತಾರೆ. 1972ರಲ್ಲಿ ಧರಣಿ ಕೂತದ್ದು ಇಂಥದೇ ನಿಯಮದ ವಿರುದ್ಧ. ಈಗ ಇದನ್ನು ಓಟಗಾರ್ತಿಯರು ಬಯಸುತ್ತಾರೆ, ಏಕೆಂದರೆ ಟಿವಿ ಕ್ಯಾಮೆರಾಕ್ಕೆ ಅವರ ಪೈಪೋಟಿ ಕಾಣುತ್ತದೆ. ಗಂಡಸರ ಗುಂಪಿನ ನಡುವೆ ಎದುರಾಳಿ ಎಲ್ಲಿದ್ದಾಳೆಂದು ಅವರು ಹುಡುಕಬೇಕಾಗಿಲ್ಲ.

‘ಬೇರೆ ಓಟ ಎಂದರೆ ಹಗುರ ಓಟ, ಗಂಡಸರ ಜೊತೆ ಓಡಿದರೇ ವೇಗ’

ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ 2023ರಲ್ಲಿ ಬರ್ಲಿನ್‌ನ ಕೂಡು ಓಟದಲ್ಲಿ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಮುಗಿಸಿದರು. ಅದೇ ಅಸೆಫಾ 2025ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ, ಹೆಂಗಸರಷ್ಟೇ ಇದ್ದ ಸ್ಪರ್ಧೆಯಲ್ಲಿ, 2:15:50ರಲ್ಲಿ ಗೆದ್ದರು. ಬರಿಯ ಮಹಿಳೆಯರ ಓಟದಲ್ಲಿ ಅದು ಆಗ ವಿಶ್ವದಾಖಲೆ. ಊರು ಬೇರೆ, ದಾರಿ ಬೇರೆ, ಹವೆ ಬೇರೆ. ನಡುವಿನ ನಾಲ್ಕು ನಿಮಿಷವನ್ನೆಲ್ಲ ಒಂದೇ ಕಾರಣಕ್ಕೆ ಹೊರಿಸಲಾಗದು. ಆದರೂ ಕಾರಣಗಳಲ್ಲಿ ದೊಡ್ಡದು ಪೇಸರ್. ಕೂಡು ಓಟದಲ್ಲಿ ಹೆಣ್ಣಿಗಿಂತ ವೇಗವಾಗಿ ಓಡಬಲ್ಲ ಗಂಡಸು ಕೊನೆಯವರೆಗೂ ಮುಂದಿದ್ದು, ಗಾಳಿಗೆ ಮರೆಯಾಗಿ, ಲಯ ಹಿಡಿದುಕೊಡಬಲ್ಲ. ಹೆಂಗಸರ ಓಟದಲ್ಲಿ ಪೇಸರ್ ಕೂಡ ಹೆಣ್ಣೇ ಆಗಿರಬೇಕು. ಅಗ್ರಸ್ಥಾನದಲ್ಲಿರುವವಳ ವೇಗದಲ್ಲಿ ಕೊನೆವರೆಗೂ ಓಡಬಲ್ಲ ಇನ್ನೊಬ್ಬಳಿದ್ದರೆ ಅವಳು ಸ್ಪರ್ಧೆಗೇ ಇಳಿಯುತ್ತಾಳೆ.

ಇದೇ ಕಾರಣಕ್ಕೆ 2011ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಕೂಡು ಓಟದ ಸಮಯಗಳನ್ನು ಮಹಿಳೆಯರ ವಿಶ್ವದಾಖಲೆಯೆಂದು ಪರಿಗಣಿಸುವುದಿಲ್ಲ ಎಂದಿತು. 2003ರಲ್ಲಿ ಪಾಲಾ ರಾಡ್‌ಕ್ಲಿಫ್ ಬರೆದ 2:15:25ರ ದಾಖಲೆಯೂ ಹೋಗುವುದರಲ್ಲಿತ್ತು. ಪ್ರತಿಭಟನೆ ಎದ್ದಿತು, ದಾಖಲೆ ಉಳಿಯಿತು. ಈಗ ಕೂಡು ಓಟಕ್ಕೊಂದು, ಬರಿಯ ಮಹಿಳೆಯರ ಓಟಕ್ಕೊಂದು ಎಂದು ಎರಡು ದಾಖಲೆಗಳಿವೆ. ನ್ಯಾಯವಾದ ಏರ್ಪಾಡು ಇದು.

ಹಗುರ ಎನ್ನುವವರು ಜಪಾನಿನ ನಗೋಯ ಮಹಿಳಾ ಮ್ಯಾರಥಾನ್ ನೋಡಬೇಕು. 42.195 ಕಿಲೋಮೀಟರನ್ನು ಅಲ್ಲಿ ಸುಮಾರು ಇಪ್ಪತ್ತು ಸಾವಿರ ಹೆಂಗಸರು ಓಡುತ್ತಾರೆ. ಜಗತ್ತಿನ ಅತಿ ದೊಡ್ಡ ಮಹಿಳಾ ಮ್ಯಾರಥಾನ್ ಎಂದು ಗಿನ್ನೆಸ್ ಅದನ್ನು ಗುರುತಿಸಿದೆ. 2022ರಲ್ಲಿ ಅಲ್ಲಿ ಗೆದ್ದವರಿಗೆ ಸಿಕ್ಕ ಬಹುಮಾನ 2.5 ಲಕ್ಷ ಡಾಲರ್.

‘ದೂರ ಹೆಚ್ಚಿದಂತೆ ಹೆಣ್ಣೇ ಗೆಲ್ಲುತ್ತಾಳೆ’

ಈಚೆಗೆ ಹುಟ್ಟಿದ ಈ ನಂಬಿಕೆಯಲ್ಲಿ ಹೊಗಳಿಕೆಯಿದೆ, ಆದರೂ ತಿದ್ದಬೇಕು. 2019ರಲ್ಲಿ ಜ್ಯಾಸ್ಮಿನ್ ಪ್ಯಾರಿಸ್ ಬ್ರಿಟನ್ನಿನ ಸ್ಪೈನ್ ರೇಸ್ ಎಂಬ 268 ಮೈಲಿ ಓಟವನ್ನು 83 ಗಂಟೆ 12 ನಿಮಿಷದಲ್ಲಿ ಮುಗಿಸಿ, ಗಂಡಸರನ್ನೂ ಹಿಂದಿಕ್ಕಿ, ಹಳೆಯ ದಾಖಲೆಯಿಂದ 12 ಗಂಟೆ ಕಡಿದರು. ಅದೇ ವರ್ಷ ಜರ್ಮನಿಯ ಫಿಯೊನಾ ಕೋಲ್ಬಿಂಗರ್ ಯುರೋಪ್ ದಾಟುವ ಟ್ರಾನ್ಸ್‌ಕಾಂಟಿನೆಂಟಲ್ ಸೈಕಲ್ ಸ್ಪರ್ಧೆಯನ್ನು ಎಲ್ಲರಿಗಿಂತ ಮೊದಲು ಮುಗಿಸಿದರು. ಇವು ನಿಜ, ದೊಡ್ಡವು. ಆದರೆ ಇವನ್ನು ಹಿಡಿದು ನಿಯಮ ಮಾಡಲಾಗದು. ಮ್ಯಾರಥಾನ್‌ಗಿಂತ ದೂರದ ಬಹುಪಾಲು ಅಲ್ಟ್ರಾ ಓಟಗಳಲ್ಲಿ ಮೊದಲು ಬರುವವರು ಇನ್ನೂ ಗಂಡಸರೇ. ಗಟ್ಟಿ ಆಧಾರವಿರುವುದು ಬೇರೊಂದು ಮಾತಿಗೆ. ಅಮೆರಿಕದ ಸಂಶೋಧಕರು 14 ಮ್ಯಾರಥಾನ್‌ಗಳ 90 ಸಾವಿರಕ್ಕೂ ಹೆಚ್ಚು ಫಲಿತಾಂಶಗಳನ್ನು ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಓಟದ ಎರಡನೆಯ ಅರ್ಧದಲ್ಲಿ ಗಂಡಸರ ವೇಗ ಸರಾಸರಿ ಶೇ. 15.6ರಷ್ಟು ಕುಗ್ಗಿದರೆ ಹೆಂಗಸರದು ಶೇ. 11.7ರಷ್ಟು ಕುಗ್ಗುತ್ತದೆ. ತಮ್ಮ ಶಕ್ತಿಯನ್ನು ಅಳೆದು ಹಂಚಿಕೊಳ್ಳುವುದರಲ್ಲಿ ಹೆಂಗಸರು ಮುಂದು.

‘ಸೀರೆ ಉಟ್ಟು ಮೂರು ಕಿಲೋಮೀಟರ್ ನಡೆದರೆ ಅದೇನು ಓಟವೇ?’

ನಟ ಮಿಲಿಂದ್ ಸೋಮನ್ 2012ರಲ್ಲಿ ಮುಂಬೈಯಲ್ಲಿ ಶುರುಮಾಡಿ ಆಮೇಲೆ ಬೆಂಗಳೂರಿಗೂ ಬಂದ ಪಿಂಕಥಾನ್ ಎಂಬ ಮಹಿಳೆಯರ ಓಟದ ಬಗ್ಗೆ ಈ ಮಾತು ಕೇಳಿದ್ದೇನೆ. ಅಲ್ಲಿ 3, 5 ಕಿಲೋಮೀಟರಿನ ಜೊತೆಗೆ 10, 21 ಕಿಲೋಮೀಟರೂ ಇರುತ್ತದೆ ಎಂಬುದನ್ನು ಹೇಳುವವರು ಮರೆಯುತ್ತಾರೆ. ನಲವತ್ತು ದಾಟಿದ ಗೃಹಿಣಿ ಮೊದಲ ಬಾರಿ ರಸ್ತೆಯಲ್ಲಿ ಓಡಿದಾಗ ಅವಳಿಗೆ ದಾರಿಗಿಂತ ನೋಡುವವರ ಕಣ್ಣೇ ಭಾರ. ಸುತ್ತ ಹೆಂಗಸರೇ ಇದ್ದಾಗ ಆ ಭಾರ ಇಳಿಯುತ್ತದೆ. ಬೆವರಿನ ಬಗ್ಗೆ, ಮುಟ್ಟಿನ ಬಗ್ಗೆ, ನಿಧಾನದ ಬಗ್ಗೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಅವರಲ್ಲಿ ಕೆಲವರು ಮುಂದೆ ಕೂಡು ಓಟಕ್ಕೆ ಹೋಗುತ್ತಾರೆ, ಕೆಲವರು ಹೋಗುವುದಿಲ್ಲ. ಹೋಗದವರು ಅರ್ಧದಲ್ಲಿ ನಿಂತರು ಎಂದು ಲೆಕ್ಕ ಹಾಕುವುದು ತಪ್ಪು. ಸ್ವೀಡನ್ನಿನಲ್ಲಿ 1988ರಿಂದ ನಡೆಯುವ, ಮಹಿಳೆಯರಿಗಷ್ಟೇ ಮೀಸಲಾದ 30 ಕಿಲೋಮೀಟರಿನ ಹಿಮಜಾರು ಸ್ಪರ್ಧೆ ‘ಷೇವಾಸನ್’ಗೇ ವರ್ಷವರ್ಷವೂ ಬರುವವರಿದ್ದಾರೆ. ಈಗ 90 ಕಿಲೋಮೀಟರಿನ ವಾಸಾಲೊಪ್ಪೆಟ್ ಬಾಗಿಲೂ ಪಕ್ಕದಲ್ಲೇ ತೆರೆದಿದೆ.

ಬೇರೆ ಓಟಗಳಲ್ಲಿ ತಪ್ಪೇ ಇಲ್ಲವೆಂದಲ್ಲ. 1972ರ ಆ ಸೆಂಟ್ರಲ್ ಪಾರ್ಕ್ ಓಟಕ್ಕೆ ಪ್ರಚಾರ ಸಿಗಲೆಂದು ಹೊರಡುವ ಗೆರೆಗೆ ಪ್ಲೇಬಾಯ್ ಕ್ಲಬ್ಬಿನ ಹುಡುಗಿಯರನ್ನು ಕರೆತಂದಿದ್ದರು. ಎಲ್ಲಕ್ಕೂ ಗುಲಾಬಿ ಬಣ್ಣ ಬಳಿದು, ದೂರ ಮೊಟಕುಮಾಡಿ, ಸಮಯ ಅಳೆಯುವ ಚಿಪ್ ಕೂಡ ಕೊಡದೆ ‘ಹೆಂಗಸರಿಗೆ ಇಷ್ಟು ಸಾಕು’ ಎಂದುಕೊಳ್ಳುವ ಆಯೋಜಕರು ಎಲ್ಲೇ ಇದ್ದರೂ ನನಗೆ ಸಿಟ್ಟು ಬರುತ್ತದೆ.

‘ಎಲ್ಲರಿಗೂ ಪ್ರವೇಶ ಕೊಟ್ಟ ಮೇಲೆ ಕೂಡು ಓಟ ಸಮಾನವೇ’

ಪ್ರವೇಶ ಮೊದಲ ಮೆಟ್ಟಿಲು ಮಾತ್ರ. ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತದ ಸುತ್ತ ನಡೆಯುವ ಯುಟಿಎಂಬಿ ಓಟ ಸುಮಾರು 170 ಕಿಲೋಮೀಟರಿನದು. ಬ್ರಿಟನ್ನಿನ ಸೋಫಿ ಪವರ್ ಒಮ್ಮೆ ಅಲ್ಲಿ ಜಾಗ ಪಡೆದು, ಬಸುರಿಯಾದ್ದರಿಂದ ಕಳೆದುಕೊಂಡರು. ಗಾಯವಾದವರು ಮರುವರ್ಷಕ್ಕೆ ಜಾಗ ಮುಂದೂಡಬಹುದಿತ್ತು, ಬಸುರಿಗೆ ಆ ಅವಕಾಶವಿರಲಿಲ್ಲ. 2018ರಲ್ಲಿ ಮತ್ತೆ ಜಾಗ ಸಿಕ್ಕಾಗ ಎರಡನೆಯ ಮಗುವಿಗೆ ಮೂರು ತಿಂಗಳು. ಬಿಡಲು ಮನಸ್ಸಾಗದೆ ಓಡಿದರು. ದಾರಿಯಲ್ಲಿ ಒಂದು ವಿಶ್ರಾಂತಿ ತಾಣದಲ್ಲಿ ಮಗುವಿಗೆ ಎದೆಹಾಲು ಕುಡಿಸುತ್ತ ಕುಳಿತ ಅವರ ಚಿತ್ರ ಎಲ್ಲೆಡೆ ಹಬ್ಬಿತು. ಪಕ್ಕದಲ್ಲೇ ಒಬ್ಬ ಗಂಡಸು ಕಾಲು ಚಾಚಿ ವಿಶ್ರಮಿಸುತ್ತಿದ್ದ. ಜ್ಯಾಸ್ಮಿನ್ ಪ್ಯಾರಿಸ್ ಕೂಡ ಸ್ಪೈನ್ ರೇಸ್‌ನ ತಾಣಗಳಲ್ಲಿ ಮಗಳಿಗಾಗಿ ಹಾಲು ಹಿಂಡಿಟ್ಟೇ ಗೆದ್ದವರು. ಈ ಕಥೆಗಳನ್ನು ಬರಿಯ ಛಲದ ಕಥೆಗಳೆಂದು ಕೊಂಡಾಡಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಪವರ್ ಅವರ ವಿಷಯದಲ್ಲಂತೂ ಛಲಕ್ಕಿಂತ ಮೊದಲು ಒಂದು ಕೆಟ್ಟ ನಿಯಮವಿತ್ತು.

ಕೂಡು ಓಟದಲ್ಲಿ ಹೆಂಗಸರನ್ನು ಹಿಂಡುವುದು ಇಂಥ ಸಣ್ಣ ಸಂಗತಿಗಳೇ. ಹೊರಡುವ ಮುಂಚೆ ಶೌಚಾಲಯದ ಮುಂದಿನ ಸರದಿ. ದಾರಿಯಲ್ಲಿ ಸ್ಯಾನಿಟರಿ ಪ್ಯಾಡ್ ಇಲ್ಲದ ತಾಣಗಳು. ಗಂಡಸರ ಅಳತೆಗೇ ಹೊಲಿಸಿದ ಟೀಶರ್ಟು. ಗೆದ್ದವಳು ಬರುವ ಹೊತ್ತಿಗೆ ಗೆದ್ದವನ ಸಂದರ್ಶನದತ್ತ ತಿರುಗಿರುವ ಮೈಕು. ರಾತ್ರಿ ಓಡಬೇಕಾದ ಅಲ್ಟ್ರಾದಲ್ಲಿ ನಿರ್ಜನ ದಾರಿ. ಅದಕ್ಕೂ ಮೊದಲು, ತಿಂಗಳುಗಟ್ಟಲೆ ಬೆಳಗಿನ ಐದು ಗಂಟೆಯ ಕತ್ತಲಲ್ಲಿ ಒಬ್ಬಳೇ ತಯಾರಿ ನಡೆಸಬೇಕಾದ ಬೀದಿ.

ಪವರ್ ಆಮೇಲೆ ‘ಷೀರೇಸಸ್’ ಎಂಬ ಸಂಸ್ಥೆ ಕಟ್ಟಿ ಆಯೋಜಕರ ಮುಂದೆ ಇಂಥ ಬೇಡಿಕೆಗಳನ್ನೇ ಇಡುತ್ತ ಬಂದರು. ಯುಟಿಎಂಬಿಯಲ್ಲಿ ಈಗ ಬಸುರಿಯಾದವರು ತಮ್ಮ ಜಾಗವನ್ನು ಮುಂದೂಡಬಹುದು, ಲಂಡನ್ ಮ್ಯಾರಥಾನ್‌ನಲ್ಲಿಯೂ ಆ ನಿಯಮ ಬಂದಿದೆ. ನಮ್ಮಲ್ಲಿ ಓಟಕ್ಕೆ ಹೆಸರು ನೋಂದಾಯಿಸುವವರು ಶುಲ್ಕ ಕಟ್ಟುವ ಮೊದಲು ನಿಯಮಗಳ ಪುಟ ತೆರೆದು ಬಸಿರಿನ ವಿಷಯ ಏನು ಬರೆದಿದೆ, ದಾರಿಯಲ್ಲಿ ಎಷ್ಟು ಶೌಚಾಲಯಗಳಿವೆ, ಕಟ್‌ಆಫ್ ಸಮಯ ಎಷ್ಟು ಎಂದು ನೋಡಬೇಕು. ಬರೆದಿರದಿದ್ದರೆ ಆಯೋಜಕರಿಗೆ ಒಂದು ಇಮೇಲ್ ಹಾಕಿ ಕೇಳಬೇಕು. ಓಡುವ ಗಂಡಸರೂ ಇದನ್ನು ಕೇಳಬಹುದು.