ನವಸಾಗರದ ಬಿಳಿ ಹೊಗೆ

ಕಲಾಯಿ ಹಾಕುವವರು ಹಿತ್ತಾಳೆ ಪಾತ್ರೆಯನ್ನು ಇದ್ದಿಲ ಕೆಂಡದ ಮೇಲೆ ಚೆನ್ನಾಗಿ ಕಾಯಿಸಿ, ಒಂದು ಚಿಟಿಕೆ ನವಸಾಗರ ಉದುರಿಸುತ್ತಾರೆ. ಬುಸ್ಸೆಂದು ಬಿಳಿ ಹೊಗೆ ಏಳುತ್ತದೆ, ಘಾಟು ಮೂಗಿಗೆ ಅಡರುತ್ತದೆ. ತವರ ತಾಗಿಸಿ ಬಟ್ಟೆಯಿಂದ ಉಜ್ಜಿದರೆ ಪಾತ್ರೆಯ ಒಳಮೈ ಬೆಳ್ಳಗೆ ಹೊಳೆಯುತ್ತದೆ. ಹೈಸ್ಕೂಲು ಮಕ್ಕಳನ್ನು ಕಾಡುವ ಪ್ರಶ್ನೆಯೊಂದು ಆ ಚಿಟಿಕೆ ಪುಡಿಯಲ್ಲೇ ಇದೆ: ಇಲ್ಲಿರುವುದು ಅಯಾನಿಕ ಬಂಧವೋ, ಸಹವೇಲೆನ್ಸಿ ಬಂಧವೋ?

ಲೋಹಕ್ಕೆ ಅಲೋಹ ಸೇರಿದರೆ ಅಯಾನಿಕ, ಅಲೋಹಗಳಷ್ಟೇ ಸೇರಿದರೆ ಸಹವೇಲೆನ್ಸಿ. ಮಕ್ಕಳು ಬಾಯಿಪಾಠ ಮಾಡುವ ಸೂತ್ರ ಇದು. ಅಡುಗೆಮನೆಯ ಮಟ್ಟಿಗೆ ಸರಿಯಾಗಿಯೇ ನಡೆಯುತ್ತದೆ. ಉಪ್ಪಿನಲ್ಲಿ ಸೋಡಿಯಂ ತನ್ನ ಹೊರಕವಚದ ಒಂಟಿ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಬಿಟ್ಟುಕೊಡುತ್ತದೆ. ಕೊಟ್ಟದ್ದು ಧನ ಅಯಾನು, ಪಡೆದದ್ದು ಋಣ ಅಯಾನು. ಸಕ್ಕರೆಯಲ್ಲಿ ಕಾರ್ಬನ್, ಹೈಡ್ರೋಜನ್, ಆಕ್ಸಿಜನ್ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಬಾಳುತ್ತವೆ. ಬಾಣಲೆಯಲ್ಲಿ ಸಕ್ಕರೆ ಕರಗಿ ಕಂದಾಗುತ್ತದೆ. ಉಪ್ಪು ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು.

ಹಾಗೆಂದು ಸಹವೇಲೆನ್ಸಿ ಬಂಧ ದುರ್ಬಲ ಎಂದುಕೊಂಡರೆ ದೊಡ್ಡ ತಪ್ಪು. ವಜ್ರವನ್ನು ಅಷ್ಟು ಗಟ್ಟಿಯಾಗಿ ಹಿಡಿದಿಟ್ಟಿರುವುದು ಅದೇ. ಸಕ್ಕರೆ ಕರಗಲು ಅಣುವಿನೊಳಗಿನ ಬಂಧ ಮುರಿಯಬೇಕಿಲ್ಲ, ಅಣು ಅಣುಗಳ ನಡುವಿನ ಸೆಳೆತ ಸಡಿಲವಾದರೆ ಸಾಕು. ಉಪ್ಪಿನ ಹರಳಿನಲ್ಲಿ ಬಿಡಿ ಅಣು ಎಂಬುದೇ ಇಲ್ಲ. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ, ಹೀಗೆ ಹರಳಿನ ಅಂಚಿನವರೆಗೆ.

ಸೂತ್ರ ಎಡವುವುದೂ ಉಂಟು. ಅಲ್ಯೂಮಿನಿಯಂ ಲೋಹವೇ, ಆದರೂ ಅದರ ಕ್ಲೋರೈಡ್ ಸುಮಾರು 180 ಡಿಗ್ರಿಗೆ ಅಣುಗಳಾಗಿ ಆವಿಯಾಗಿಬಿಡುತ್ತದೆ. 1932ರಲ್ಲಿ ಲೈನಸ್ ಪೌಲಿಂಗ್ ಪರಮಾಣುಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಎಳೆಯುವ ಬಲಕ್ಕೆ, ಅಂದರೆ ವಿದ್ಯುದೃಣತ್ವಕ್ಕೆ, ಅಳತೆಗೋಲು ಕೊಟ್ಟರು. ಇಂದಿನ ಅಂಕಿಗಳಲ್ಲಿ ಸೋಡಿಯಂ–ಕ್ಲೋರಿನ್ ಅಂತರ 2.23, ಅಲ್ಯೂಮಿನಿಯಂ–ಕ್ಲೋರಿನ್ 1.55, ಕಾರ್ಬನ್–ಹೈಡ್ರೋಜನ್ 0.35. ಅಂತರ ಹೆಚ್ಚಿದಷ್ಟೂ ಹಂಚಿಕೆ ಕೊಡುಗೆಯಾಗುತ್ತ ಹೋಗುತ್ತದೆ; ನಡುವೆ ಗೋಡೆಯಿಲ್ಲ.

ಇನ್ನು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಅದರಲ್ಲಿ ನೈಟ್ರೋಜನ್, ಹೈಡ್ರೋಜನ್, ಕ್ಲೋರಿನ್ ಬಿಟ್ಟರೆ ಬೇರೇನಿಲ್ಲ. ಲೋಹದ ಸುಳಿವೇ ಇಲ್ಲ. ಆದರೂ ಅದು ಅಯಾನಿಕ. ನೈಟ್ರೋಜನ್ ನಾಲ್ಕು ಹೈಡ್ರೋಜನ್‌ಗಳೊಂದಿಗೆ ಸಹವೇಲೆನ್ಸಿಯಿಂದ ಕೂಡಿ, ಇಡೀ ಗುಂಪೇ ಒಂದು ಧನ ಅಯಾನಾಗಿ ಕ್ಲೋರೈಡನ್ನು ಸೆಳೆದುಕೊಂಡಿದೆ. ಒಂದೇ ಹರಳಿನಲ್ಲಿ ಎರಡೂ ಬಂಧ!

ಕಾದ ಪಾತ್ರೆಯ ಮೇಲೆ ಈ ಜೋಡಿ ಒಡೆದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗುತ್ತವೆ. ಎರಡನೆಯದು ಹಿತ್ತಾಳೆಯ ಮೇಲಿನ ಆಕ್ಸೈಡ್ ಪೊರೆಯನ್ನು ತಿಂದುಹಾಕುವುದರಿಂದ ತವರ ಕಚ್ಚಿಕೊಳ್ಳುತ್ತದೆ. ಉಳಿದ ಅನಿಲಗಳು ಮೇಲಿನ ತಂಪು ಗಾಳಿಯಲ್ಲಿ ಮತ್ತೆ ಕೂಡಿ ನವಸಾಗರದ ನುಣ್ಣನೆ ಕಣಗಳಾಗುತ್ತವೆ. ಕಣ್ಣಿಗೆ ಕಾಣುವ ಬಿಳಿ ಹೊಗೆ ಅದೇ.